ನೋವಿಲ್ಲವೆಂದರೆ ಆರಾಮವಲ್ಲ

(ಶಹಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ನಮ್ಮ ಭಾಗದಲ್ಲಿ ವಚನ, ತತ್ವಪದ, ಸುರಪುರ ಸಂಸ್ಥಾನದ ಚರಿತ್ರೆ ರೂಢಿ. ಈ ಸಲ ವಿಜ್ಞಾನದ ವಿಷಯವಿರಲಿ ಎಂದು ಸಂಘಟಕರು ಬಯಸಿದರು. ನಾನು ನರಮಂಡಲ ಮತ್ತು ಇಂದ್ರಿಯಗಳನ್ನು ಆರಿಸಿಕೊಂಡೆ. ಮೆದುಳಿನ ಭಾಗಗಳ ಹೆಸರನ್ನು ಪಾಠದಂತೆ ಒಪ್ಪಿಸುವ ಉದ್ದೇಶ ನನಗಿಲ್ಲ. ಅದು ಶಾಲೆಯ ಪುಸ್ತಕದಲ್ಲಿದೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ಮೈಯನ್ನು ನಾವು ಎರಡು ನಂಬಿಕೆಗಳ ಮೇಲೆ ನಡೆಸುತ್ತೇವೆ. ನೋವಾದರೆ ಏನೋ ಕೆಟ್ಟಿದೆ. ನೋವಿಲ್ಲದಿದ್ದರೆ ಎಲ್ಲ ಆರಾಮ. ಇವೆರಡೂ ಪೂರ್ತಿ ನಿಜವಲ್ಲ. ಮೊದಲನೆಯದು ಸುಳ್ಳಾದರೆ ಬಹಳ ಸಲ ನಷ್ಟ ಸಣ್ಣದು. ಎರಡನೆಯದು ಸುಳ್ಳಾದರೆ ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ಕಣ್ಣಿನಿಂದ ಆರಂಭಿಸುತ್ತೇನೆ. ಶಹಾಪುರದಲ್ಲಿ ನಿಂತು ಮಲಗಿದ ಬುದ್ಧನ ಹೆಸರೆತ್ತದೆ ಕಣ್ಣಿನ ಬಗ್ಗೆ ಮಾತಾಡಲು ಬಾರದು. ನಮ್ಮ ಬೆಟ್ಟದ ಸಾಲನ್ನು ಒಂದು ದಿಕ್ಕಿನಿಂದ ನೋಡಿದರೆ ಹಣೆ, ಮೂಗು, ಗದ್ದ, ಎದೆ ಎಲ್ಲ ಕಾಣುತ್ತವೆ. ಯಾವ ಶಿಲ್ಪಿಯೂ ಉಳಿ ಇಟ್ಟದ್ದಲ್ಲ. ರಸ್ತೆ ತಿರುಗಿ ನೋಟದ ಕೋನ ಬದಲಾದರೆ ಉಳಿಯುವುದು ಬರೀ ಗುಡ್ಡ. ಹಾಗಾದರೆ ಬುದ್ಧ ಎಲ್ಲಿದ್ದ? ಕಣ್ಣಿನ ಹಿಂಪದರದಲ್ಲಿ ಬೆಳಕು ಗ್ರಹಿಸುವ ಕೋಶಗಳು ಹನ್ನೆರಡು ಕೋಟಿಗೂ ಮೇಲಿವೆ. ಅಲ್ಲಿಂದ ಮೆದುಳಿಗೆ ಹೋಗುವ ನರತಂತುಗಳು ಸುಮಾರು ಹತ್ತು ಲಕ್ಷ ಮಾತ್ರ. ಅಂದರೆ ಕಂಡದ್ದೆಲ್ಲ ಮೆದುಳಿಗೆ ಮುಟ್ಟುವುದಿಲ್ಲ. ಅಂಚು, ಬಾಗು, ನೆರಳು, ಚಲನೆ ಇಷ್ಟನ್ನು ಆರಿಸಿ ಕಳಿಸಲಾಗುತ್ತದೆ. ಉಳಿದದ್ದನ್ನು ಮೆದುಳು ತನ್ನ ಹಳೆಯ ಅನುಭವದಿಂದ ತುಂಬಿಕೊಳ್ಳುತ್ತದೆ. ಮುಖ ಗುರುತಿಸುವುದಕ್ಕೆಂದೇ ಮೆದುಳಿನ ಕೆಳಭಾಗದಲ್ಲಿ ಒಂದು ಪ್ರದೇಶವಿದೆ. ಹುಟ್ಟಿದ ಕೂಸು ಕೂಡ ಮುಖದಂಥ ಆಕಾರದ ಕಡೆ ಹೆಚ್ಚು ತಿರುಗುತ್ತದೆ. ಆದ್ದರಿಂದ ಕಲ್ಲು ಮುಖವಾಗಲು ನಾಲ್ಕು ಗೆರೆ ಸಾಕು. ಮೆದುಳು ಮಾಡುವುದು ಊಹೆ. ಅದು ಬಹಳ ಸಲ ಸರಿ, ಕೆಲವು ಸಲ ತಪ್ಪು. ನೋವು ಕೂಡ ಇಂಥದೇ ಒಂದು ತೀರ್ಪು. ಇದು ಮುಂದಿನ ಮಾತಿಗೆಲ್ಲ ಬುನಾದಿ.

ಈಗ ಕಾಲಿಗೆ ಬರೋಣ. ನಮ್ಮ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಎಷ್ಟಿದೆ ಎಂದು ಹೇಳಬೇಕಾಗಿಲ್ಲ. ಆ ಮುಳ್ಳು ಚುಚ್ಚಿದಾಗ ಏನಾಗುತ್ತದೆ ಎಂಬುದನ್ನು ನೆನಪು ಮಾಡಿಕೊಳ್ಳಿ. ಮೊದಲು ಚುಳ್ ಎನ್ನುವ ಒಂದು ನೋವು. ಎಲ್ಲಿ ಚುಚ್ಚಿತು ಎಂದು ಬೆರಳಿಟ್ಟು ತೋರಿಸಬಹುದಾದಷ್ಟು ಖಚಿತ. ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಎರಡನೆಯ ನೋವು. ಇದು ಉರಿ, ಇದಕ್ಕೆ ನಿರ್ದಿಷ್ಟ ಜಾಗವಿಲ್ಲ, ಬೇಗ ಆರುವುದೂ ಇಲ್ಲ. ಮುಳ್ಳು ಒಂದೇ, ನೋವು ಎರಡು. ಕಾರಣ, ಎರಡು ಬಗೆಯ ನರತಂತುಗಳು. ಕೊಬ್ಬಿನ ತೆಳು ಹೊದಿಕೆ ಇರುವ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ಅಂದರೆ ನಮ್ಮ ನಡಿಗೆಯ ವೇಗ. ಪಾದದಿಂದ ಮೆದುಳಿಗೆ ದಾರಿ ಸುಮಾರು ಒಂದೂವರೆ ಮೀಟರ್. ಲೆಕ್ಕ ನೀವೇ ಹಾಕಿ.

ಈ ಎರಡೂ ಸುದ್ದಿ ಮೆದುಳು ಮುಟ್ಟುವ ಮೊದಲೇ ಕಾಲು ಮೇಲೆದ್ದಿರುತ್ತದೆ. ಕಾಲೆತ್ತುವ ಆಜ್ಞೆ ಬೆನ್ನುಹುರಿಯಿಂದಲೇ ಹೊರಡುತ್ತದೆ. ಮೆದುಳಿಗೆ ವರದಿ ಆಮೇಲೆ. ಬೆನ್ನುಹುರಿಯಿಂದ 31 ಜೊತೆ, ಮೆದುಳಿನಿಂದ 12 ಜೊತೆ ನರಗಳು ಹೊರಟು ಮೈಯ ಮೂಲೆ ಮೂಲೆಗೆ ಹಬ್ಬಿವೆ.

ನರದೊಳಗಿನ ಸುದ್ದಿಗೆ ವೇಗವಿದೆ, ಅದನ್ನು ಅಳೆಯಬಹುದು ಎಂದು ತೋರಿಸಿದವನು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ, ಕಪ್ಪೆಯ ನರದ ಮೇಲೆ. ಅವನಿಗೆ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 27 ಮೀಟರ್. ಅವನ ಗುರು ಯೋಹಾನೆಸ್ ಮ್ಯೂಲರ್ ಈ ವೇಗವನ್ನು ಅಳೆಯಲು ಎಂದೂ ಸಾಧ್ಯವಾಗದು ಎಂದಿದ್ದ. ನರವು ಕರೆಂಟಿನ ವೈರಿನಂತೆ ಎಂದು ಹೇಳುವ ರೂಢಿಯಿದೆ, ಅದು ಅರ್ಧ ಮಾತ್ರ ಸರಿ. ವೈರಿನಲ್ಲಿ ಕರೆಂಟು ಹೊರಗಿನಿಂದ ಬರಬೇಕು. ನರಕೋಶ ತನ್ನ ಪೊರೆಯ ಒಳಗೂ ಹೊರಗೂ ಉಪ್ಪಿನ ಕಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಇಟ್ಟುಕೊಂಡು ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸುಮ್ಮನಿರುವಾಗ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ಅಂತರ. ಬ್ಯಾಟರಿ ಸೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲು. ಸುದ್ದಿ ಬಂದಾಗ ಸೋಡಿಯಂ ಒಳನುಗ್ಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಹೋಗುತ್ತದೆ, ಈ ಅಲೆ ಮುಂದೆ ಮುಂದೆ ಸಾಗುತ್ತದೆ. ಇಂಥ ಸುಮಾರು 8,600 ಕೋಟಿ ನರಕೋಶಗಳು ನಮ್ಮ ಮೆದುಳಿನಲ್ಲಿವೆ. ಮೈತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡು. ತಿಂದ ಅನ್ನದ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ಇಪ್ಪತ್ತು.

ಇನ್ನು ಮೆಣಸಿನಕಾಯಿ. ಕೆಂಪಗೆ ಹಣ್ಣಾದ ಗಿಡದಲ್ಲಿ ದಿನವಿಡೀ ಕಾಯಿ ಬಿಡಿಸಿದ ಹೆಣ್ಣುಮಕ್ಕಳನ್ನು ಸಂಜೆ ಮಾತಾಡಿಸಿ. ಅಂಗೈ, ಬೆರಳ ಸಂದಿ, ಉಗುರಿನ ಬುಡ ಉರಿಯುತ್ತಿರುತ್ತವೆ. ತಣ್ಣೀರಲ್ಲಿ ಅದ್ದಿದಷ್ಟು ಹೊತ್ತು ಹಿತ, ತೆಗೆದರೆ ಮತ್ತೆ ಉರಿ. ಮರೆತು ಕಣ್ಣು ಒರೆಸಿಕೊಂಡರೆ ಮುಗಿದೇ ಹೋಯಿತು. ಆದರೆ ಕೈಯನ್ನು ಬೆಳಕಿಗೆ ಹಿಡಿದು ನೋಡಿ: ಬೊಬ್ಬೆಯಿಲ್ಲ, ಚರ್ಮ ಸುಲಿದಿಲ್ಲ, ಸುಟ್ಟಿಲ್ಲ. ಸುಡದೆ ಸುಟ್ಟ ಅನುಭವ ಹೇಗೆ ಬಂತು?

ಅಮೆರಿಕದ ಡೇವಿಡ್ ಜೂಲಿಯಸ್ ಇದಕ್ಕೆ 1997ರಲ್ಲಿ ಉತ್ತರ ಕಂಡುಕೊಂಡರು. ಬಿಸಿ ತಿಳಿಸುವ ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಒಂದು ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಅಂದರೆ ಚರ್ಮಕ್ಕೆ ಅಪಾಯ ಶುರುವಾಗುವ ಮಟ್ಟದಲ್ಲಿ, ಅದು ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ಅದೇ ಬಾಗಿಲನ್ನು ತೆರೆಯುತ್ತದೆ. ಬಾಗಿಲು ತೆರೆದದ್ದು ಬೆಂಕಿಯೋ ಕಾಯಿಯೋ ಮೆದುಳಿಗೆ ಗೊತ್ತಾಗುವುದಿಲ್ಲ. ಆ ನರದಿಂದ ಸುದ್ದಿ ಬಂದರೆ ಅದು ‘ಸುಡುತ್ತಿದೆ’ ಎಂದೇ ಓದಿಕೊಳ್ಳುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅದಕ್ಕೇ ನಮ್ಮ ಅಜ್ಜಿಯರು ಕೈಗೆ ಕೊಬ್ಬರಿ ಎಣ್ಣೆ ಸವರಿ ಆಮೇಲೆ ಸಾಬೂನು ಹಚ್ಚುತ್ತಿದ್ದರು. ಒತ್ತಡ, ಸ್ಪರ್ಶ ತಿಳಿಸುವ ಪೀಜೋ ಎಂಬ ಬಾಗಿಲುಗಳನ್ನು ಆರ್ಡೆಮ್ ಪಟಪೂಟಿಯನ್ 2010ರಲ್ಲಿ ಕಂಡುಹಿಡಿದರು. 2021ರ ವೈದ್ಯಕೀಯ ನೊಬೆಲ್ ಈ ಇಬ್ಬರಿಗೆ ಸಂದಿತು. ಮೆಣಸಿನಕಾಯಿ ಕಲಿಸುವ ಪಾಠ ಇಷ್ಟು: ಗಾಯವಿಲ್ಲದೆಯೂ ನೋವಿರಬಹುದು. ಇದರ ತಿರುವುಮುರುವು, ಅಂದರೆ ನೋವಿಲ್ಲದ ಗಾಯ, ಇವತ್ತಿನ ಮುಖ್ಯ ವಿಷಯ.

ಅದಕ್ಕೆ ಮುನ್ನ ಕೈಯ ಬೆಲೆ ತಿಳಿಯಬೇಕು. ಹುಣಸಗಿ, ಬೈಚಬಾಳ ಕಣಿವೆಗೆ ಹೋದವರಿಗೆ ಇಸಾಂಪುರ ಗೊತ್ತಿರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಉತ್ಖನನ ಮಾಡಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ತಾಣವನ್ನು ಬೆಳಕಿಗೆ ತಂದರು. ಅಲ್ಲಿ ಸಿಕ್ಕ ಪ್ರಾಣಿಹಲ್ಲಿನ ಕಾಲನಿರ್ಣಯದ ಪ್ರಕಾರ ಅದು ಸುಮಾರು 12 ಲಕ್ಷ ವರ್ಷ ಹಿಂದಿನದು. ಒಂದು ಕೈಯಲ್ಲಿ ಹಾಸು, ಇನ್ನೊಂದರಲ್ಲಿ ಗುಂಡುಕಲ್ಲು. ಎಷ್ಟು ಬಿಗಿ ಹಿಡಿಯಬೇಕು, ಯಾವ ಓರೆಯಲ್ಲಿ ಹೊಡೆಯಬೇಕು, ಚೂರು ಹಾರಿದ ಮೇಲೆ ಅಂಚು ಎಷ್ಟು ಹರಿತವಾಯಿತು, ಇವೆಲ್ಲ ಬೆರಳ ತುದಿಗೆ ಗೊತ್ತಾಗಬೇಕು. ಇವತ್ತು ನಮ್ಮ ಒಂದೊಂದು ಕೈಯ ಅಂಗೈ ಕಡೆಯಲ್ಲಿ ಸ್ಪರ್ಶ ತಿಳಿಯುವ ಸುಮಾರು 17,000 ನರತುದಿಗಳಿವೆ. ಅವು ಬೆರಳ ತುದಿಯಲ್ಲಿ ಹೆಚ್ಚು ಒತ್ತಾಗಿವೆ. ಕುಡುಗೋಲು ಹಿಡಿಯುವುದು, ರೊಟ್ಟಿ ಬಡಿಯುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅವುಗಳ ಬಲದಿಂದಲೇ.

ಈ ಸ್ಪರ್ಶವನ್ನು ಸದ್ದಿಲ್ಲದೆ ಕಳೆಯುವ ರೋಗ ಕುಷ್ಠ. ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಬರ್ಗೆನ್ ನಗರದಲ್ಲಿ ಇದರ ಸೂಕ್ಷ್ಮಾಣುವನ್ನು ಕಂಡ. ಬೇರೆ ಅನೇಕ ಬ್ಯಾಕ್ಟೀರಿಯಾಗಳು ಇಪ್ಪತ್ತು ಮೂವತ್ತು ನಿಮಿಷಕ್ಕೆ ಇಮ್ಮಡಿಯಾದರೆ ಇದಕ್ಕೆ ಎರಡು ವಾರದ ಹತ್ತಿರ ಬೇಕು. ಹೀಗಾಗಿ ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು. ಇದು ನರತಂತುವಿಗೆ ಹೊದಿಕೆ ಹಾಕುವ ಕೋಶಗಳಲ್ಲೇ ಮನೆ ಮಾಡುತ್ತದೆ. ಅದಕ್ಕೆ ತಂಪು ಬೇಕು. ಆದ್ದರಿಂದ ಚರ್ಮಕ್ಕೆ ಹತ್ತಿರ ಹಾದುಹೋಗುವ ನರಗಳನ್ನು ಹಿಡಿಯುತ್ತದೆ. ಮೊಣಕೈ ಒಳಬದಿಯ ಎಲುಬಿಗೆ ಏಟು ಬಿದ್ದರೆ ಕಿರುಬೆರಳವರೆಗೆ ಜುಮ್ ಎನ್ನುತ್ತದಲ್ಲ, ಆ ನರ. ಮೊಣಕಾಲಿನ ಹೊರಬದಿಯ ನರ. ಹಿಮ್ಮಡಿಯ ಪಕ್ಕದ ನರ.

ಮೊದಲು ಹೋಗುವುದು ಬಿಸಿ ತಂಪಿನ ಅರಿವು. ಆಮೇಲೆ ಹಗುರ ಸ್ಪರ್ಶ, ನೋವು. ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವುದು ನಮ್ಮ ಮನೆಗಳ ರೂಢಿ. ಆರೋಗ್ಯದ ಕೈ ಕ್ಷಣಾರ್ಧದಲ್ಲಿ ಹಿಂದೆ ಬರುತ್ತದೆ. ನರ ಸತ್ತ ಕೈ ಅಲ್ಲೇ ನಿಲ್ಲುತ್ತದೆ. ಚರ್ಮ ಸುಟ್ಟ ವಾಸನೆ ಬಂದ ಮೇಲೆಯೋ, ಮರುದಿನ ಬೊಬ್ಬೆ ಕಂಡ ಮೇಲೆಯೋ ಗೊತ್ತಾಗುತ್ತದೆ. ಅದೇ ಕೈಯಲ್ಲಿ ಮತ್ತೆ ಕೆಲಸ, ಮತ್ತೆ ಗಾಯ, ಕೀವು, ಎಲುಬಿಗೆ ಸೋಂಕು.

ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿದ್ದರು. ಕುಷ್ಠ ಬಂದವರ ಬೆರಳು ಕೊಳೆತು ಉದುರುತ್ತದೆ ಎಂದು ಆಗ ಜಗತ್ತೇ ನಂಬಿತ್ತು. ಒಂದು ದಿನ ತುಕ್ಕು ಹಿಡಿದ ಬೀಗ ಬ್ರಾಂಡ್ ಅವರಿಂದ ತೆರೆಯಲಾಗಲಿಲ್ಲ. ರೋಗಿಯಾಗಿದ್ದ ಒಬ್ಬ ಹುಡುಗ ಬಂದು ಕೀಲಿ ತಿರುವಿಯೇ ಬಿಟ್ಟ. ನೆಲದ ಮೇಲೆ ರಕ್ತದ ಹನಿ. ನೋಡಿದರೆ ಅವನ ಬೆರಳು ಎಲುಬಿನವರೆಗೆ ಸೀಳಿತ್ತು, ಅವನಿಗೆ ಅರಿವೇ ಇರಲಿಲ್ಲ. ರಾತ್ರಿ ಮಲಗಿದಾಗ ಇಲಿ ಬೆರಳು ಕಚ್ಚಿದರೂ ರೋಗಿಗಳು ಏಳುತ್ತಿರಲಿಲ್ಲ ಎಂಬುದೂ ಅಲ್ಲಿ ಬೆಳಕಿಗೆ ಬಂತು. ಬೆರಳು ತಿನ್ನುವುದು ರೋಗವಲ್ಲ, ನೋವಿಲ್ಲದ ಕೈಗೆ ದಿನವೂ ಆಗುವ ಪೆಟ್ಟು ಎಂದು ಬ್ರಾಂಡ್ ತೋರಿಸಿಕೊಟ್ಟರು. ಪೆಟ್ಟಾಗದಂತೆ ನೋಡಿಕೊಂಡರೆ ಬೆರಳು ಉಳಿಯುತ್ತದೆ, ಮಡಚಿದ ಬೆರಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಬಹುದು ಎಂಬುದನ್ನೂ ಮಾಡಿ ತೋರಿಸಿದರು.

ಈ ರೋಗಕ್ಕೆ ಈಗ ಹೆದರಬೇಕಾದದ್ದೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿದ ಬಹು ಔಷಧ ಚಿಕಿತ್ಸೆಯಲ್ಲಿ ಆರು ತಿಂಗಳು ಇಲ್ಲವೆ ಹನ್ನೆರಡು ತಿಂಗಳು ಮಾತ್ರೆ. ರೋಗ ಪೂರ್ತಿ ಗುಣವಾಗುತ್ತದೆ. ಚಿಕಿತ್ಸೆ ಉಚಿತ. ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ಭಾರತ 2005ರ ಡಿಸೆಂಬರಿನಲ್ಲಿ ಮುಟ್ಟಿತು. ಹಾಗೆಂದು ರೋಗ ಅಳಿದಿಲ್ಲ, ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಇಟ್ಟಿದ್ದ ವೈಯಕ್ತಿಕ ಕಾನೂನುಗಳ ಕಲಮುಗಳನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಔಷಧ ಬಂದು ಮೂವತ್ತೆಂಟು ವರ್ಷವಾದ ಮೇಲೆ.

ಉಳಿದಿರುವ ತೊಡಕು ತಡವಾಗಿ ಬರುವುದು. ಯಾಕೆ ತಡ? ನೋವಿಲ್ಲವಲ್ಲ! ಮೈಮೇಲೆ ಬಣ್ಣಗೆಟ್ಟ ಒಂದು ಮಚ್ಚೆ. ತುರಿಕೆಯಿಲ್ಲ, ಉರಿಯಿಲ್ಲ. ತದ್ದು ತುರಿಸುತ್ತದೆ, ಆದ್ದರಿಂದ ಅದಕ್ಕೆ ಮುಲಾಮು ತರುತ್ತೇವೆ. ಇದು ತುರಿಸುವುದಿಲ್ಲ, ಆದ್ದರಿಂದ ಚಿಬ್ಬು ಎಂದು ಸುಮ್ಮನಿರುತ್ತೇವೆ. ಪರೀಕ್ಷೆ ಬಹಳ ಸರಳ. ಆಶಾ ಕಾರ್ಯಕರ್ತೆಯರು ಇಲ್ಲಿದ್ದಾರೆ, ಅವರಿಗೆ ಗೊತ್ತು. ಹತ್ತಿಯ ಎಳೆಯನ್ನು ಹೊಸೆದು ಮೊನೆ ಮಾಡಿ, ಮೊದಲು ಒಳ್ಳೆಯ ಚರ್ಮಕ್ಕೆ ಮುಟ್ಟಿಸಿ ಹೇಗೆ ಅನಿಸುತ್ತದೆ ಎಂದು ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಮಚ್ಚೆಯ ಹೊರಗೆ, ಒಮ್ಮೆ ಒಳಗೆ ಮುಟ್ಟಿಸಿ, ಮುಟ್ಟಿದ ಕಡೆ ಬೆರಳು ಇಡಲು ಹೇಳಬೇಕು. ಹೊರಗೆ ಮುಟ್ಟಿದಾಗಲೆಲ್ಲ ಬೆರಳು ಸರಿಯಾಗಿ ಬಂದು, ಒಳಗೆ ಮುಟ್ಟಿದಾಗ ಸುಮ್ಮನಿದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ನರ ಕೆಡಲು ಶುರುವಾಗಿ ಆರು ತಿಂಗಳೊಳಗೆ ಬಂದರೆ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು.

ನರಕೋಶದಿಂದ ಸ್ನಾಯುವಿಗೆ ಸುದ್ದಿ ದಾಟುವ ಜಾಗ ಇನ್ನೊಂದು ಅಪಾಯದ ತಾಣ. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಯ ಸಾವಿರದ ಒಂದು ಪಾಲಿಗಿಂತ ಕಿರಿದಾದ ಸಂದು ಇದೆ. ಅದನ್ನು ದಾಟಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ನರಗಳು ಹೀಗೆ ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ಆಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯಗಳ ಮೇಲಿನ ಪ್ರಯೋಗದಿಂದ ತೋರಿಸಿದ.

ಕಟ್ಟುಹಾವು, ಕೆಲವೆಡೆ ಕಡಂಬಳ ಎನ್ನುತ್ತಾರೆ, ಕೈ ಹಾಕುವುದು ಇಲ್ಲಿಗೇ. ಅದರ ವಿಷ ನರದ ತುದಿಯನ್ನೇ ಕೆಡಿಸಿ ಈ ರಾಸಾಯನಿಕ ಹೊರಬರದಂತೆ ಮಾಡುತ್ತದೆ. ಅದು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕೊಳಕುಮಂಡಲ ಕಚ್ಚಿದರೆ ಕಾಲು ಬಾತು ಚೀರುವಂತಾಗುತ್ತದೆ. ಇದು ಕಚ್ಚಿದರೆ ಸೊಳ್ಳೆ ಕಚ್ಚಿದಷ್ಟು, ಬಾವು ಇಲ್ಲ, ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ. ಆಮೇಲೆ ಕಣ್ಣರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಮನುಷ್ಯನಿಗೆ ಒಳಗೆ ಎಚ್ಚರವಿರುತ್ತದೆ, ರೆಪ್ಪೆ ಎತ್ತಲಾಗುವುದಿಲ್ಲ. ಬೇಗ ಪ್ರತಿವಿಷ ಕೊಟ್ಟು, ಬೇಕಾದಷ್ಟು ದಿನ ವೆಂಟಿಲೇಟರಿನಲ್ಲಿ ಉಸಿರಾಡಿಸಿದರೆ ನರದ ತುದಿಗಳು ಮತ್ತೆ ಬೆಳೆದು ಮನುಷ್ಯ ಎದ್ದು ಮನೆಗೆ ಹೋಗುತ್ತಾನೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಅದೇ ಸಂದಿನ ಮೇಲೆ ನಾವೇ ದುಡ್ಡು ಕೊಟ್ಟು ತಂದ ಇನ್ನೊಂದು ವಿಷವೂ ಕೆಲಸ ಮಾಡುತ್ತದೆ. ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದವು. ಜೊತೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದೂ ಹೆಚ್ಚಿತು. ಆರ್ಗ್ಯಾನೊಫಾಸ್ಫೇಟ್ ಜಾತಿಯ ಕೀಟನಾಶಕಗಳು ಅಸಿಟೈಲ್‌ಕೋಲಿನ್ನನ್ನು ಒಡೆದು ತೆಗೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಕಟ್ಟುಹಾವು ಸುದ್ದಿಯನ್ನು ನಿಲ್ಲಿಸಿದರೆ, ಇವು ಸುದ್ದಿ ನಿಲ್ಲದಂತೆ ಮಾಡುತ್ತವೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು, ಸ್ನಾಯು ಅದುರುವುದು, ಉಸಿರು ಕಟ್ಟುವುದು. ಬಾಯಿಗೆ ಹೋಗಬೇಕೆಂದಿಲ್ಲ. ಸೋರುವ ಪಂಪಿನಿಂದ ಬೆನ್ನು ತೊಯ್ದರೆ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಮೆಣಸಿನಕಾಯಿಯಂತೆ ಉರಿದಿದ್ದರೆ ನಾವು ಕೂಡಲೇ ಅಂಗಿ ಕಳಚಿ ತೊಳೆದುಕೊಳ್ಳುತ್ತಿದ್ದೆವು. ಉರಿಯುವುದಿಲ್ಲ, ಆದ್ದರಿಂದ ಅದೇ ಅಂಗಿಯಲ್ಲಿ ಬುತ್ತಿ ಬಿಚ್ಚುತ್ತೇವೆ.

ಕೊನೆಯದು ಸಕ್ಕರೆ ಕಾಯಿಲೆ. ಇದು ಊರೂರಲ್ಲೂ ಇದೆ. ವರ್ಷಾನುಗಟ್ಟಲೆ ಸಕ್ಕರೆ ಏರಿದ್ದರೆ ಉದ್ದ ನರಗಳು, ಅಂದರೆ ಪಾದಕ್ಕೆ ಹೋಗುವವು, ಮೊದಲು ಕೆಡುತ್ತವೆ. ಆರಂಭದಲ್ಲಿ ಜೋಮು, ರಾತ್ರಿ ಅಂಗಾಲುರಿ. ಆಮೇಲೆ ಒಂದು ದಿನ ಉರಿ ನಿಲ್ಲುತ್ತದೆ. ಕಾಯಿಲೆ ಕಡಿಮೆಯಾಯಿತು ಎಂದು ಸಂತೋಷಪಡುವವರಿದ್ದಾರೆ. ಅನೇಕ ಸಲ ಕಡಿಮೆಯಾದದ್ದು ಕಾಯಿಲೆಯಲ್ಲ, ನರ. ಚಪ್ಪಲಿಯ ಮೊಳೆ ಅಂಗಾಲಿಗೆ ಇಳಿದರೂ ತಿಳಿಯದ ಸ್ಥಿತಿ ಅದು.

ನೋವೇ ಇಲ್ಲದ ಬದುಕು ವರವಲ್ಲವೆ ಎಂದು ಕೇಳುವವರಿಗೆ ಒಂದು ಉದಾಹರಣೆ. ಉತ್ತರ ಪಾಕಿಸ್ತಾನದ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ನೋವಿನ ಅರಿವಿಲ್ಲದ ಮಕ್ಕಳಿದ್ದರು. ಎಸ್‌ಸಿಎನ್9ಎ ಎಂಬ ಒಂದೇ ವಂಶವಾಹಿಯ ದೋಷ ಅದಕ್ಕೆ ಕಾರಣವೆಂದು 2006ರಲ್ಲಿ ಪ್ರಕಟವಾಯಿತು. ಅವರಲ್ಲೊಬ್ಬ ಹುಡುಗ ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚೂರಿ ಚುಚ್ಚಿಕೊಂಡು ಹಣ ಸಂಪಾದಿಸುತ್ತಿದ್ದ. ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಜಿಗಿದು ಸತ್ತ.

ಬಂಧುಗಳೆ, ನೋವಿಗೆ ನಾವು ಬೇಗ ಓಗೊಡುತ್ತೇವೆ. ಹಲ್ಲು ನೋವಿಗೆ ರಾತ್ರಿಯೇ ಬಾಗಿಲು ತಟ್ಟುತ್ತೇವೆ. ನರ ಸುಮ್ಮನಾದಾಗ ಮೆದುಳಿಗೆ ದೂರು ಹೋಗುವುದಿಲ್ಲ, ಆದ್ದರಿಂದ ಆ ಕೆಲಸವನ್ನು ಕಣ್ಣು ಮಾಡಬೇಕು, ಮನೆಯವರು ಮಾಡಬೇಕು. ತಿಂಗಳಿಗೊಮ್ಮೆ ಮನೆಮಂದಿಯ ಬೆನ್ನು, ತೋಳು, ಕಾಲು ಬೆಳಕಿನಲ್ಲಿ ನೋಡಿ. ಮಚ್ಚೆ ಕಂಡರೆ ಹತ್ತಿಯ ಎಳೆ ಮುಟ್ಟಿಸಿ. ಸಕ್ಕರೆ ಕಾಯಿಲೆಯವರು ದಿನವೂ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಲಿ, ಬರಿಗಾಲಲ್ಲಿ ಹೊಲಕ್ಕಿಳಿಯದಿರಲಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಲಿ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಬೀಳುತ್ತಿದ್ದರೆ ಮಂತ್ರಕ್ಕೆ, ಬಳ್ಳಿಯ ರಸಕ್ಕೆ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ಎಣ್ಣೆ ಹೊಡೆದು ಬಂದವರು ಊಟಕ್ಕೆ ಮೊದಲು ಅಂಗಿ ಬಿಚ್ಚಿ ಸ್ನಾನ ಮಾಡಲಿ.

ಕುಷ್ಠಕ್ಕೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಚಿಕಿತ್ಸೆಯಿದೆ. ಮಾತ್ರೆಗೆ ಒಂದು ರೂಪಾಯಿಯೂ ಬೇಕಿಲ್ಲ. ಬೇಕಾಗಿರುವುದು, ನೋವಿಲ್ಲದ ಮಚ್ಚೆಯನ್ನು ತೋರಿಸಲು ನೀವು ನೋವಾಗುವವರೆಗೆ ಕಾಯದಿರುವುದು.